ಭಾನುವಾರ ಮಧ್ಯಾಹ್ನದ ಸಿಕಂದರ್

ನನ್ನ ಸಿಕಂದರ್ ಹನ್ನೆರಡನೇ ಪುಟದವರೆಗೂ ಹುಟ್ಟಲಿಲ್ಲ.

ಇದನ್ನು ಪತ್ತೆ ಹಚ್ಚಿದವಳು ನನ್ನ ಸೋದರತ್ತೆ. ಬರೆದದ್ದನ್ನು ಕಳಿಸಿದ ಮರುದಿನವೇ ಅವಳ ಫೋನು.

“ಏ ಮೇಧಾ, ಹನ್ನೊಂದು ಪುಟ ಓದೇನಿ. ಇವಾ ಹುಟ್ಟೂದು ಯಾವಾಗ?”

“ಹನ್ನೆರಡರಾಗ ಹುಟ್ತಾನ ಅತ್ಯಾ.”

“ಅಲ್ಲೀತನಕ ಏನ ನಡದದ?”

“ಅವನ ಬಗ್ಗೆ ಬರದವರನ್ನ ಯಾಕ ನಂಬಬಾರದು ಅಂತ ಹೇಳೇನಿ.”

ಅತ್ತೆ, “ಕೇಳವರು ಐದನೇ ಆರನೇ ಕ್ಲಾಸಿನ ಹುಡುಗರು ನೋಡವಾ. ಪಿಎಚ್‌ಡಿ ಕಮಿಟಿ ಅಲ್ಲ” ಎಂದು ಫೋನ್ ಇಟ್ಟಳು.

ಈ ಅಂಕಣ ಓದುವವರಿಗೆ ನನ್ನ ಕಾಯಿಲೆ ಗೊತ್ತೇ ಇದೆ. ಶಾಲೆಯಿಂದ ಕಾಲೇಜಿನವರೆಗೆ ಡಿಬೇಟ್ ಮಾಡಿ ಬೆಳೆದವಳು ನಾನು. ಯಾರಾದರೂ “ಇವತ್ತು ಸೆಕೆ” ಎಂದರೂ “ಯಾವುದಕ್ಕೆ ಹೋಲಿಸಿದರೆ?” ಎಂದು ಕೇಳುವ ಚಟ. ಇಂಥವಳ ಕೈಗೆ ಮಕ್ಕಳಿಗಾಗಿ ಸಿಕಂದರನೆಂಬ ಗ್ರೀಕ್ ವೀರನ ಜೀವನಚರಿತ್ರೆ ಬರೆಯುವ ಕೆಲಸ ಕೊಟ್ಟರೆ ಏನಾಗುತ್ತದೆ? ವೀರ ಬಾಗಿಲ ಹೊರಗೆ ನಿಲ್ಲುತ್ತಾನೆ. ಒಳಗೆ ಸಾಕ್ಷಿಗಳ ವಿಚಾರಣೆ ನಡೆಯುತ್ತಿರುತ್ತದೆ.

ಕೆಲಸ ಕೊಟ್ಟವಳು ಅತ್ತೆಯೇ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು, ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಈಗ ಪ್ರತಿ ಭಾನುವಾರ ಮಧ್ಯಾಹ್ನ ಇಲ್ಲಿಯ ಕನ್ನಡ ಮನೆಗಳ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಜಾಗ, ಸದಾಶಿವ ಪೇಠೆಯ ಒಂದು ಉಡುಪಿ ಹೋಟೆಲಿನ ಮಹಡಿ ಹಾಲ್. ಮಾಲೀಕರು ಜಯರಾಮ ಶೆಟ್ಟರು. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಆ ಹಾಲ್ ಖಾಲಿ. ಅದನ್ನು ಅತ್ತೆಗೆ ಸುಮ್ಮನೆ ಬಿಟ್ಟುಕೊಟ್ಟಿದ್ದರು.

ಆ ಹೊತ್ತಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಪುಣೆಯ ಹಳೇ ಪೇಠೆಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಲಗುತ್ತವೆ. ಅಂಗಡಿಯ ಶಟರ್ ಅರ್ಧ ಇಳಿಯುತ್ತದೆ, ಮಾಲೀಕ ಪೂರ್ತಿ ಇಳಿಯುತ್ತಾನೆ. ಬೀದಿ ನಾಯಿಯೂ ಬೊಗಳುವ ಮುಂಚೆ ಗಡಿಯಾರ ನೋಡುತ್ತದೆ. (ಸಿಕಂದರನ ಸೈನ್ಯ ಎರಡು ಗಂಟೆಗೆ ಇಲ್ಲಿಗೆ ಬಂದಿದ್ದರೆ ‘ನಾಲ್ಕರ ನಂತರ ಬನ್ನಿ’ ಎಂಬ ಬೋರ್ಡ್ ಓದಿ ವಾಪಸಾಗುತ್ತಿತ್ತು. ಈ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯವಿಲ್ಲದ ಏಕೈಕ ವಿಷಯ ಇದು.)

ಇಂಥ ಹೊತ್ತಿನಲ್ಲಿ ಮಕ್ಕಳನ್ನು ನೆಟ್ಟಗೆ ಕೂರಿಸಿ ಪಾಠ ಮಾಡುವುದು ಹೇಗೆ? ಅತ್ತೆ ಮಾಡುವುದಿಲ್ಲ. ಮೊದಲ ಅರ್ಧ ಮಕ್ಕಳು ಕೂತು ಬರೆಯುತ್ತಾರೆ. ಎರಡನೇ ಅರ್ಧ ಜಮಖಾನ ಹಾಸಿ ಸಾಲಾಗಿ ಮಲಗುತ್ತಾರೆ. ಕಣ್ಣು ಮುಚ್ಚಬಹುದು. ಅತ್ತೆ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಾಳೆ. ಯಾರೋ ಒಬ್ಬ ತಾಯಿ ಬಂದು “ಇದೆಂಥಾ ಕ್ಲಾಸ್ ರೀ?” ಎಂದು ಕೇಳಿದ್ದರಂತೆ. ಅತ್ತೆಯ ಉತ್ತರ: “ಭಾಷಾ ಕಿವಿಯಿಂದ ಒಳಗ ಹೋಗ್ತದರೀ. ಕಿವಿ ಕೇಳಬೇಕಂದ್ರ ಬೆನ್ನು ನೆಟ್ಟಗಿರಬೇಕಂತ ಏನೂ ಇಲ್ಲ.”

ನಾನು ಡಿಬೇಟ್‌ನಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಇಂಥ ಒಂದು ವಾಕ್ಯ ನನಗೆ ಹೊಳೆದಿಲ್ಲ.

ಆದರೆ ಈ ವರ್ಷ ಕ್ಲಾಸಿಗೆ ಕುತ್ತು ಬಂದಿತ್ತು. ಮಕ್ಕಳು ಒಬ್ಬೊಬ್ಬರಾಗಿ ಜಾರುತ್ತಿದ್ದರು. ಒಬ್ಬನಿಗೆ ಅಬ್ಯಾಕಸ್, ಇನ್ನೊಬ್ಬಳಿಗೆ ಈಜು. ಊರಾಚೆಯ ಹಿಂಜವಾಡಿಯಿಂದ ಮಗುವನ್ನು ಕರೆತರುತ್ತಿದ್ದ ಅಪ್ಪನಿಗೆ ಟ್ರಾಫಿಕ್ಕು. ಅದೇ ವೇಳೆಗೆ ಮಕ್ಕಳಿಗೆ ಕೋಡಿಂಗ್ ಕಲಿಸುವ ಸಂಸ್ಥೆಯವರು ಬಂದು ಶನಿವಾರ, ಭಾನುವಾರ ಎರಡೂ ದಿನ ಹಾಲ್ ಬೇಕೆಂದು ಶೆಟ್ಟರನ್ನು ಕೇಳಿದರು. ಶೆಟ್ಟರು ಕೆಟ್ಟವರಲ್ಲ. ಸಂಕೋಚದಿಂದಲೇ ಅತ್ತೆಗೆ ಹೇಳಿದರು, “ನೋಡಿ ಟೀಚರೇ, ಮಕ್ಕಳು ಬಂದ್ರೆ ನನ್ನದು ಎಂತ ತಕರಾರೂ ಇಲ್ಲ. ಮಕ್ಕಳೇ ಬರದಿದ್ರೆ ಖಾಲಿ ಜಮಖಾನಕ್ಕೆ ಹಾಲ್ ಯಾಕೆ? ದೀಪಾವಳಿವರೆಗೆ ನೋಡುವ.”

ಅತ್ತೆ ಉಪಾಯ ಹೂಡಿದಳು. ಪ್ರತಿ ಭಾನುವಾರ ಒಂದು ಅಧ್ಯಾಯದಂತೆ ಧಾರಾವಾಹಿ ಕಥೆ. ಬರೆದವಳೇ ಬಂದು ಓದುವುದು. ಮುಂದೇನಾಯಿತು ಎಂದು ತಿಳಿಯಲಿಕ್ಕಾದರೂ ಮಕ್ಕಳು ಬರಲಿ. ಕೊನೆಗೆ ಅದೇ ಒಂದು ಪುಟ್ಟ ಪುಸ್ತಕ. ಯಾರ ಕಥೆ ಬೇಕು ಎಂದು ಮಕ್ಕಳನ್ನೇ ಕೇಳಿದಳು. ವಿಡಿಯೋ ಗೇಮ್ ಕೃಪೆಯಿಂದ ಸಿಕಂದರ್ ಭಾರಿ ಬಹುಮತದಿಂದ ಗೆದ್ದ.

ನನಗೂ ನಿರಾಳ. ನಮ್ಮ ದೇಶದಲ್ಲಿ ಯಾವ ರಾಜನ ಬಗ್ಗೆ ಬರೆದರೂ ಸಂಜೆಯೊಳಗೆ ಅವನ ಕಡೆಯವರೊಬ್ಬರು ಫೋನ್ ಮಾಡುತ್ತಾರೆ. ಸಿಕಂದರನಿಗೆ ಪುಣೆಯಲ್ಲಿ ನೆಂಟರಿಲ್ಲ.

ಹೀಗೆ ನಾನು ಓದಲು ಕೂತೆ. ವಾರವೆಲ್ಲ ಖರಾಡಿಯ ಆಫೀಸು, ಶನಿವಾರ ಮಧ್ಯಾಹ್ನ ಒಂದು ಹಳೆಯ ಗ್ರಂಥಾಲಯ. ಎತ್ತರದ ಛಾವಣಿ, ಯೋಚಿಸಿ ಯೋಚಿಸಿ ತಿರುಗುವ ಫ್ಯಾನು, ಬಿಸಿಲಲ್ಲಿ ತೇಲುವ ಧೂಳು. ಮೊದಲ ವಾರವೇ ನನಗೆ ನಿಧಿ ಸಿಕ್ಕಿತು. ಸಿಕಂದರನ ಜೊತೆಗಿದ್ದು ಕಣ್ಣಾರೆ ಕಂಡವರು ಬರೆದದ್ದು ಒಂದೂ ಇಡಿಯಾಗಿ ಉಳಿದಿಲ್ಲ. ಈಗ ನಮ್ಮ ಕೈಯಲ್ಲಿರುವ ಕಥೆಗಳಲ್ಲಿ ಅತಿ ಹಳೆಯದೂ ಅವನು ಸತ್ತು ಸುಮಾರು ಮುನ್ನೂರು ವರ್ಷಕ್ಕೆ ಬರೆದದ್ದು. ಮುನ್ನೂರು ವರ್ಷ! ನಿನ್ನೆ ಆಫೀಸಿನ ಮೀಟಿಂಗಿನಲ್ಲಿ ಯಾರು ಏನು ಹೇಳಿದರೆಂದು ಇವತ್ತು ಮೂವರು ಮೂರು ಥರ ಹೇಳುತ್ತಾರೆ. ಮುನ್ನೂರು ವರ್ಷದ ನಂತರದವರು ಸಿಕಂದರನ ಕುದುರೆಯ ಮನಸ್ಸಿನಲ್ಲೇನಿತ್ತೆಂದು ಬರೆಯುತ್ತಾರೆ. ನಂಬಬೇಕಾ?

ಆ ಖುಷಿಯಲ್ಲೇ ಹನ್ನೊಂದು ಪುಟ ಬರೆದೆ.

ಆದರೆ ಒಂದು ವಿಚಿತ್ರ ನಡೆಯುತ್ತಿತ್ತು. ಹಗಲು ಅವನ ವಿರುದ್ಧ ವಾದಿಸುತ್ತಿದ್ದವಳ ಕಣ್ಣೆದುರು ಅವನ ಜನ ಸುಮ್ಮಸುಮ್ಮನೆ ಬಂದು ನಿಲ್ಲತೊಡಗಿದರು. ಖರಾಡಿಯಿಂದ ಮರಳುವ ಕ್ಯಾಬ್ ಸಿಗ್ನಲ್ಲಿನಲ್ಲಿ ನಿಂತಿದೆ. ಸುತ್ತ ಸ್ಕೂಟರುಗಳು. ನಮ್ಮೂರ ಹುಡುಗಿಯರು ಬಿಸಿಲಿಗೆ, ಧೂಳಿಗೆ ಇಡೀ ಮುಖಕ್ಕೆ ಸ್ಕಾರ್ಫ್ ಬಿಗಿದು ಕಣ್ಣು ಮಾತ್ರ ಬಿಟ್ಟಿರುತ್ತಾರಲ್ಲ, ಹಾಗೆ ಸಾಲುಗಟ್ಟಿ ನಿಂತಿದ್ದಾರೆ. ನೋಡನೋಡುತ್ತ ಅವರು ಮರುಭೂಮಿ ದಾಟುವ ದಂಡಾದರು. ಮುಂದೆ ಮಸುಕು ಮಸುಕಾಗಿ ಒಂದು ನದಿ. ಯಾರೂ ಮಾತಾಡುತ್ತಿಲ್ಲ. ಎಲ್ಲರಿಗೂ ದಣಿವು, ಎಲ್ಲರೂ ಎಲ್ಲಿಗೋ ಹೋಗಬೇಕು. ಎಲ್ಲಿಗೆಂದು ಕೇಳಬೇಕೆನಿಸಿತು. ಹಸಿರು ದೀಪ ಬಿತ್ತು. ದಂಡು ಹಾರ್ನ್ ಹೊಡೆದು ಚದುರಿತು. ಪುಣೆಯ ಮುಠಾ ನದಿ ಎಂದಿನಂತೆ ವಾಸನೆ ಹೊಡೆಯಿತು.

ಗ್ರಂಥಾಲಯದಲ್ಲೂ ಅದೇ. ಪುಸ್ತಕದ ಮೇಲೆ ಹಣೆಯಿಟ್ಟು ಒಂದು ಗಳಿಗೆ ತೂಕಡಿಸಿದರೆ ಸಾಕು, ಸಾಲು ಬಿಟ್ಟು ಹೊರಬಂದ ಒಬ್ಬ ಸಿಪಾಯಿ ಪಕ್ಕದ ಬೆಂಚಿನಲ್ಲಿ ಕೂತು ಚಪ್ಪಲಿಯ ಮರಳು ಕೊಡವುತ್ತಿದ್ದ. ಅವನಿಗೆ ಹೆಸರಿರಲಿಲ್ಲ. ಅಡಿಟಿಪ್ಪಣಿಯಲ್ಲೂ ಇರಲಿಲ್ಲ. ಇವನ್ನೆಲ್ಲ ನಾನು ಬರೆಯಲಿಲ್ಲ. ಪುರಾವೆ ಎಲ್ಲಿ?

ಅತ್ತೆಯ ಮಾತಿಗೆ ಕಿವಿಗೊಡದೆ ಮೊದಲ ಭಾನುವಾರ ಆ ಹನ್ನೊಂದು ಪುಟವನ್ನೇ ಓದಲು ನಿಂತೆ. ಮಕ್ಕಳು ಜಮಖಾನದ ಮೇಲೆ, ನಾನು ನಿಂತುಕೊಂಡು. ವೇದಿಕೆಯ ಅಭ್ಯಾಸ. ಮೂರನೇ ಪುಟಕ್ಕೆ ಒಂದು ಕೈ ಮೇಲೆದ್ದಿತು. ಸಾನ್ವಿ ಎಂಬ ಹುಡುಗಿಯದು. ತುಮಕೂರಿನ ಕಡೆಯ ಮನೆ, ಬೆಂಗಳೂರಿನ ಮಾತು. ಈಗ ಹಿಂಜವಾಡಿಯ ಯಾವುದೋ ಹೊಸ ಫ್ಲಾಟು.

“ಅಕ್ಕಾ, ಎಲ್ಲದಕ್ಕೂ ‘ಇರಬಹುದು, ಎನ್ನಲಾಗಿದೆ’ ಅಂತಾನೇ ಹೇಳ್ತಿದ್ದೀರಲ್ಲ, ನಿಮಗೆ ಗೊತ್ತಿಲ್ವಾ?”

“ಯಾರಿಗೂ ಗೊತ್ತಿಲ್ಲ.”

“ಮತ್ತೆ ಯಾಕೆ ಹೇಳ್ತಿದ್ದೀರಾ?”

ಡಿಬೇಟಿನಲ್ಲಿ ಇದಕ್ಕೆ ನಾಲ್ಕು ಉತ್ತರವಿದೆ. ನಾಲ್ಕನ್ನೂ ಕೊಟ್ಟೆ. ಎರಡನೆಯದು ಮುಗಿಯುವಾಗ ಬೆಳಗಾವಿಯ ಮನೆಯ ಓಂಕಾರ ಎಂಬವನು ಗೊರಕೆಯ ಅಭಿನಯ ಶುರುಮಾಡಿದ. ನಾಲ್ಕನೆಯದು ಮುಗಿಯುವಾಗ ಅದು ಅಭಿನಯವಾಗಿ ಉಳಿದಿರಲಿಲ್ಲ.

ಎರಡನೇ ಭಾನುವಾರ ಜಮಖಾನದ ಒಂದು ಕಡೆ ಪೂರ್ತಿ ಖಾಲಿ. ಕಥೆ ಕ್ಲಾಸನ್ನು ಉಳಿಸಬೇಕಿತ್ತು. ನನ್ನ ಕಥೆ ಅದನ್ನು ಬೇಗ ಮುಗಿಸುತ್ತಿತ್ತು.

ಆ ಸಂಜೆ ಅತ್ತೆ ನನ್ನನ್ನು ಕೆಳಗೆ ಕೂರಿಸಿ ಕಾಫಿ ಹೇಳಿದಳು.

“ಆ ಕುದರೀದು ಯಾಕ ಬಿಟ್ಟಿ?”

ಕುದುರೆಯ ಕಥೆ ನಿಮಗೂ ಗೊತ್ತಿರುತ್ತದೆ. ಯಾರಿಗೂ ಬಗ್ಗದ ಕುದುರೆ. ಅದು ತನ್ನ ನೆರಳಿಗೇ ಹೆದರುತ್ತಿದೆ ಎಂದು ಹುಡುಗ ಸಿಕಂದರ್ ಗಮನಿಸಿ, ಮುಖವನ್ನು ಸೂರ್ಯನತ್ತ ತಿರುಗಿಸಿ ಏರುತ್ತಾನೆ.

“ನಡದದ್ದಕ್ಕ ಸಾಕ್ಷಿ ಇಲ್ಲ ಅತ್ಯಾ. ಹುಡುಗರಿಗೆ ಸುಳ್ಳು ಹೇಳಬಾರದು.”

“ಸುಳ್ಳು ಯಾರ ಹೇಳಂದ್ರು? ‘ಒಂದು ಕುದರೀ ಇತ್ತಂತ’ ಅನ್ನು. ನಮ್ಮ ಅಜ್ಜಿಗೋಳು ಎಲ್ಲಾ ಕತಿ ಹಂಗ ಹೇಳ್ಯಾರ. ‘ಅಂತ’ ಅಂದ್ರ ನಿನ್ನ ಹನ್ನೊಂದು ಪುಟಾನೂ ಅದರಾಗ ಬಂತು.”

“ಅಷ್ಟ ಸರಳ ಇಲ್ಲ ಅದು.”

“ಸರಳ ಇಲ್ಲ ಅನ್ನೂದು ನನಗೂ ಗೊತ್ತದ.” ಅತ್ತೆಯ ದನಿ ಏರಲಿಲ್ಲ. ಅದಕ್ಕೇ ನನಗೆ ಭಯ. “ಮೇಧಾ, ನೀ ಭಾಳ ಛಂದ ವಾದಾ ಮಾಡ್ತಿ. ಗೆದ್ದಿ ಅಂತನ ಇಟ್ಕೋ. ತಿರುಗಿ ನೋಡಿದ್ರ ಕೇಳಾಕ ಯಾರರೇ ಉಳದಾರೇನು?”

ಕಾಫಿ ಆರಿತ್ತು. ಕುಡಿದೆ.

“ಈ ಕ್ಲಾಸು ನಿಂತ್ರ,” ಅತ್ತೆ ಮೇಜಿನ ಮೇಲೆ ಬೆರಳಾಡಿಸುತ್ತ ಹೇಳಿದಳು, “ನಾ ಮತ್ತ ಎಲ್ಲೂ ಸುರು ಮಾಡಂಗಿಲ್ಲ. ಇನ್ನೊಂದು ಹಾಲ್ ಹುಡಕೂ ಕಾಲಿಲ್ಲ ನನಗ.” ತನ್ನ ಮೊಣಕಾಲು ಒತ್ತಿಕೊಂಡಳು. ಅತ್ತೆ ತನ್ನ ಬಗ್ಗೆ ಹೇಳಿದ್ದು ಅಷ್ಟೇ.

ಮೂರನೇ ಭಾನುವಾರ ಬಂದಿದ್ದು ಬೆರಳೆಣಿಕೆಯ ಮಕ್ಕಳು. ಮರುದಿನ ಕೋಡಿಂಗಿನವರು ಹಾಲ್ ನೋಡಲು ಬರುತ್ತಾರೆಂದು ಕೆಳಗೆ ಮಾಣಿಯೊಬ್ಬ ಹೇಳಿದ್ದ. ಹೊರಗೆ ಬಿಳಿ ಬಿಸಿಲು. ಕಿಟಕಿಯ ಪರದೆ ಉಸಿರಾಡಿದಂತೆ ಒಳಗೆ ಹೊರಗೆ ಆಗುತ್ತಿತ್ತು. ಕೆಳಗಡೆ ಯಾರೋ ದೋಸೆಯ ಕಾವಲಿ ಕೆರೆಯುತ್ತಿದ್ದರು, ಬಹಳ ನಿಧಾನವಾಗಿ, ನಿದ್ದೆಯಲ್ಲೇ ಎಂಬಂತೆ. ಕುದುರೆಯ ಕಥೆ ಹೇಳಿದೆ. ‘ಅಂತೆ’ ಸೇರಿಸಿಯೇ ಹೇಳಿದೆ. ಮುಗಿಸಿ ನೋಡುತ್ತೇನೆ, ಎಲ್ಲರ ಕಣ್ಣೂ ಮುಚ್ಚಿವೆ. ಸಾನ್ವಿಯದೂ. ಓಂಕಾರ ಮಗ್ಗುಲಾಗಿದ್ದಾನೆ. ಅತ್ತೆ ಕುರ್ಚಿಯಲ್ಲಿ ತಲೆ ಹಿಂದಕ್ಕಿಟ್ಟಿದ್ದಾಳೆ, ಕನ್ನಡಕ ಎದೆಯ ಮೇಲಿದೆ.

ಮುಗಿಯಿತು ಎಂದುಕೊಂಡೆ. ಕಾಗದ ಕೆಳಗಿಟ್ಟೆ. ನಾನೂ ಜಮಖಾನದ ತುದಿಯಲ್ಲಿ ಗೋಡೆಗೊರಗಿ ಕೂತೆ.

ಕೇಳುವವರಿಲ್ಲದಾಗ ಮನುಷ್ಯ ಗೆಲ್ಲಲಿಕ್ಕಾಗಿ ಮಾತಾಡುವುದಿಲ್ಲ. ಏನೋ ಹೇಳಬೇಕೆನಿಸಿತು, ಹೇಳುತ್ತ ಹೋದೆ. ಸಿಗ್ನಲ್ಲಿನಲ್ಲಿ ಕಂಡ ಆ ದಂಡಿನ ಬಗ್ಗೆ. ಪಕ್ಕದ ಬೆಂಚಿನಲ್ಲಿ ಮರಳು ಕೊಡವಿದ ಆ ಸಿಪಾಯಿಯ ಬಗ್ಗೆ. ಅವರು ಎಷ್ಟೋ ವರ್ಷ ನಡೆದು ನಡೆದು ಪಂಜಾಬಿನ ಒಂದು ನದಿಯ ದಡಕ್ಕೆ ಬರುತ್ತಾರಂತೆ. ಆಚೆ ಇನ್ನೂ ದೇಶಗಳಿವೆ. ರಾಜ ನಡೆಯಿರಿ ಎನ್ನುತ್ತಾನೆ. ಇವರು ಒಲ್ಲೆವು ಎನ್ನುತ್ತಾರೆ. ಬೈಗುಳವಿಲ್ಲ, ಕತ್ತಿಯಿಲ್ಲ, ಬರೀ ಒಲ್ಲೆವು. ಮನೆ ನೆನಪಾಗಿದೆ. ರಾಜ ಮುನಿಸಿಕೊಂಡು ಡೇರೆಯೊಳಗೆ ಹೋಗಿ ಕೂರುತ್ತಾನೆ. ಯಾರೂ ಹೋಗಿ ಸಮಾಧಾನ ಮಾಡುವುದಿಲ್ಲ. ಕೊನೆಗೆ ಅವನೇ ಹೊರಬಂದು ತಿರುಗೋಣ ಎಂದಾಗ ಆ ಗಟ್ಟಿ ಗಂಡಸರೆಲ್ಲ ಅಳುತ್ತಾರಂತೆ.

ನದಿಯ ನೀರು ನನಗೆ ಕಾಣುತ್ತಿತ್ತು. ಪರದೆಯ ಆಚೆಯೇ ಹರಿಯುತ್ತಿತ್ತು.

ಆಮೇಲೆ ಇನ್ನೊಂದು ನದಿ, ದೂರದ ಟೈಗ್ರಿಸ್. ಅಲ್ಲಿ ರಾಜ ಮುದಿ ಸಿಪಾಯಿಗಳಿಗೆ ಊರಿಗೆ ಹೋಗಿ ಎನ್ನುತ್ತಾನೆ. ಆದರೆ ಅವರು ದಾರಿಯಲ್ಲಿ ಸಂಸಾರ ಕಟ್ಟಿದ್ದಾರೆ, ಆ ದೇಶದ ಹೆಂಗಸರಲ್ಲಿ ಮಕ್ಕಳಾಗಿದ್ದಾರೆ. ಊರಿನ ಹೆಂಡತಿಯರಿಗೂ ಈ ಮಕ್ಕಳಿಗೂ ಜಗಳವಾದೀತು, ಮಕ್ಕಳನ್ನು ಇಲ್ಲೇ ಬಿಡಿ ಎನ್ನುತ್ತಾನೆ ರಾಜ. ನಾನು ಅವರನ್ನು ನಿಮ್ಮೂರಿನ ಮಕ್ಕಳಂತೆಯೇ ಬೆಳೆಸಿ, ದೊಡ್ಡವರಾದ ಮೇಲೆ ಕರೆತಂದು ಒಪ್ಪಿಸುತ್ತೇನೆ, ಮಾತು ಕೊಟ್ಟಿದ್ದೇನೆ ಎನ್ನುತ್ತಾನೆ. ಅಪ್ಪಂದಿರು ನಡೆಯುತ್ತಾರೆ. ಮಕ್ಕಳು ದಡದಲ್ಲಿ ನಿಂತು ನೋಡುತ್ತವೆ. ಧೂಳು ಏಳುತ್ತದೆ. ಧೂಳು ಇಳಿಯುತ್ತದೆ.

ಅಲ್ಲಿಗೆ ನಿಲ್ಲಿಸಿದೆ. ಮಕ್ಕಳು ದಡದಲ್ಲಿ ನಿಂತರೆಂದು ಯಾವ ಪುಸ್ತಕದಲ್ಲೂ ಇಲ್ಲ ಎಂದು ಆಗ ಹೊಳೆಯಿತು. ಧೂಳೂ ಇಲ್ಲ.

“ಆ ಮಕ್ಕಳು ಯಾವ ಲ್ಯಾಂಗ್ವೇಜ್ ಮಾತಾಡ್ತಿದ್ರು?”

ಸಾನ್ವಿ. ಕಣ್ಣು ಮುಚ್ಚಿಯೇ ಇತ್ತು.

ನಾನು ಬೆಚ್ಚಿದೆ. “ಅಮ್ಮಂದು ಇರಬೇಕು.”

“ಅಪ್ಪಂದು? ವಿಸರ್‌ಲೇ ಕಾ?” ಮರೆತೇಬಿಟ್ಟರಾ ಎಂದು ಮರಾಠಿಯಲ್ಲಿ ಕೇಳಿದವನು ಓಂಕಾರ. ಗೊರಕೆಯ ನಟ. ಅವನೂ ಎಚ್ಚರ. ಜಮಖಾನದ ಮೇಲಿದ್ದ ಮಕ್ಕಳೆಲ್ಲ ಎಚ್ಚರ. ಕಣ್ಣು ಮುಚ್ಚಿ ನದಿಯ ದಡದಲ್ಲಿ ನಿಂತಿದ್ದರು.

“ಸ್ವಲ್ಪ ದಿನ ನೆನಪಿತ್ತೇನೋ. ಆಮೇಲೆ ಮಾತಾಡೋರು ಯಾರೂ ಇರಲಿಲ್ಲ.”

ಸಾನ್ವಿ ಛಾವಣಿ ನೋಡುತ್ತ ಹೇಳಿದಳು, “ನಾನು ತುಮಕೂರಿನ ಅಜ್ಜಿಗೆ ಫೋನಲ್ಲಿ ಬರೀ ಹ್ಞೂಂ, ಹ್ಞೂಂ ಅಂತೀನಿ. ಅವರು ಹೇಳೋದೆಲ್ಲ ಅರ್ಥ ಆಗತ್ತೆ. ನಾನು ಹೇಳಕ್ಕೆ ಹೋದ್ರೆ ಮಾತು ಬರಲ್ಲ. ಆಮೇಲೆ ಅಜ್ಜಿ, ಇರ್ಲಿ ಬಿಡಮ್ಮ, ಅಮ್ಮಂಗೆ ಕೊಡು ಅಂತಾರೆ.”

ಅವಳು ಮಗ್ಗುಲಾಗಿ ನನ್ನತ್ತ ತಿರುಗಿದಳು.

“ರಾಜ ಪ್ರಾಮಿಸ್ ಮಾಡಿದ್ನಲ್ಲ ಅಕ್ಕಾ? ಅಪ್ಪನ ಊರಿನ ಥರಾನೇ ಬೆಳಸ್ತೀನಿ ಅಂತ?”

“ಮಾಡಿದ್ದ. ಮುಂದಿನ ವರ್ಷ ಸತ್ತ.”

“ಮತ್ತೆ ಅವರಿಗೆ ಕ್ಲಾಸ್ ಯಾರು ತಗೊಂಡ್ರು?”

“ಗೊತ್ತಿಲ್ಲ” ಎಂದೆ. ಹನ್ನೊಂದು ಪುಟಗಳಲ್ಲಿ ಎಷ್ಟೋ ಸಲ ಬರೆದ ಮಾತು. ಆಗೆಲ್ಲ ಅದನ್ನು ಹೆಮ್ಮೆಯಿಂದ ಬರೆದಿದ್ದೆ.

“ಯಾರೂ ಬರೆದೇ ಇಲ್ವಾ ಮಾರಾಯ್ತಿ?”

ಬಾಗಿಲಲ್ಲಿ ಶೆಟ್ಟರು. ಹಾಲಿನ ಬೀಗದ ಕೈ ಇಸಿದುಕೊಳ್ಳಲು ಮೇಲೆ ಬಂದವರು ಯಾವಾಗಿನಿಂದ ಚೌಕಟ್ಟಿಗೆ ಒರಗಿ ನಿಂತಿದ್ದರೋ.

“ಇಲ್ಲ ಶೆಟ್ಟರೇ. ಆ ಮಕ್ಕಳು ಮುಂದೇನಾದರು ಅಂತ ಯಾರೂ ಬರೆದಿಲ್ಲ.”

“ಛೆ. ಯುದ್ಧದ್ದು ಎಷ್ಟು ಬರೀತಾರೆ!” ಅವರು ಒಳಗೆ ಬಂದು ಅತ್ತೆಯ ಎದುರು ನಿಂತರು. “ಟೀಚರೇ, ಆ ಕೋಡಿಂಗಿನವರಿಗೆ ಶನಿವಾರ ಕೊಡ್ತೇನೆ. ಭಾನುವಾರ ಬೇಡ.”

ಅತ್ತೆಯೂ ಎಚ್ಚರವಾಗಿಯೇ ಇದ್ದಳು. ಕನ್ನಡಕ ಹಾಕಿಕೊಂಡಳು. “ಹುಡುಗರು ಭಾಳ ಕಡಿಮಿ ಆಗ್ಯಾರಲ್ರಿ.”

“ಎಂತ ಕಡಿಮೆ? ನನ್ನ ಮೊಮ್ಮಗಳನ್ನು ಕಳಿಸ್ತೇನೆ. ಅವಳು ನನ್ನ ಹತ್ರ ಜಗಳ ಆಡುದು ಪೂರಾ ಮರಾಠಿಯಲ್ಲಿ. ಈ ಊರಲ್ಲಿ ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಆದ್ರೂ ಆ ಸ್ಪೀಡಿಗೆ ನನಗೆ ತಿರುಗಿ ಬೈಲಿಕ್ಕೆ ಆಗುದಿಲ್ಲ. ಬೈಗುಳವಾದ್ರೂ ಕನ್ನಡದಲ್ಲಿ ಕಲಿಯಲಿ.”

“ಬೈಗಳಾ ನಾ ಕಲಸಂಗಿಲ್ರಿ.”

“ನೀವು ಬೇಡ. ಈ ಹುಡುಗಿ ಕಲಿಸ್ತದೆ,” ನನ್ನ ಕಡೆ ಕೈ ತೋರಿಸಿದರು. “ಇವಳ ಮೊದಲನೇ ಕ್ಲಾಸು ಕೆಳಗಿನವರೆಗೂ ಕೇಳ್ತಿತ್ತು. ಯಾರೋ ಕೋರ್ಟಲ್ಲಿ ಜಗಳ ಆಡಿದ ಹಾಗೆ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಲಗಿದ್ದವರು ಇನ್ನೆಲ್ಲಿಗೆ ಬೀಳುವುದು, ಅಲ್ಲೇ ಹೊರಳಿದರು.

ಅದಾದ ಮೇಲೆ ಕ್ಲಾಸು ತುಂಬಿ ತುಳುಕಿತು ಎಂದು ಬರೆಯಲಾರೆ. ಪುರಾವೆ ಇಲ್ಲ. ಸಾನ್ವಿ ತನ್ನ ಅಪಾರ್ಟ್‌ಮೆಂಟಿನ ಇಬ್ಬರು ಮಕ್ಕಳನ್ನು ಕರೆತಂದಳು. ಈಜಿಗೆ ಹೋಗಿದ್ದವಳು ಒದ್ದೆ ತಲೆಯಲ್ಲೇ ಮರಳಿದಳು. ಶೆಟ್ಟರ ಮೊಮ್ಮಗಳು ಮೊದಲ ದಿನವೇ ನನ್ನೊಡನೆ ವಾದಕ್ಕಿಳಿದಳು, ಮರಾಠಿಯಲ್ಲಿ. ಅವಳಿಗೆ ಒಳ್ಳೆಯ ಭವಿಷ್ಯವಿದೆ.

ಪುಸ್ತಕವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಸಿಕಂದರ್ ಈಗ ಒಂದನೇ ಪುಟದಲ್ಲೇ ಹುಟ್ಟುತ್ತಾನೆ. ಸಂಶಯಗಳನ್ನು ಬಿಟ್ಟಿಲ್ಲ, ಅವನ್ನು ಕೊನೆಗೆ ಹಾಕಿದ್ದೇನೆ. ಪುಸ್ತಕದ ಅತಿ ದೊಡ್ಡ ಅಧ್ಯಾಯ ಮಾತ್ರ ಯಾವ ಯುದ್ಧದ್ದೂ ಅಲ್ಲ. ಆ ದಡದ ಮಕ್ಕಳದು. ಅದರಲ್ಲಿ ಗೊತ್ತಿರುವ ಸಂಗತಿ ಎರಡು ಸಾಲು. ಉಳಿದದ್ದೆಲ್ಲ ಮಕ್ಕಳು ಮಲಗಿಕೊಂಡು ಕೇಳಿದ ಪ್ರಶ್ನೆಗಳು.

ಮುಖಪುಟಕ್ಕೆ ‘ಮಹಾನ್ ಸಿಕಂದರ್’ ಎಂದು ಹಾಕೋಣವೇ ಎಂದು ಮೊನ್ನೆ ಅತ್ತೆಯೇ ಕೇಳಿದಳು. ಎಲ್ಲರೂ ಹಾಗೇ ಕರೆಯುತ್ತಾರಲ್ಲ ಎಂದಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು, ಮರುದಿನ ಆ ಮಹಡಿ ಹತ್ತಬೇಕಲ್ಲ.

ಮಕ್ಕಳ ಬಗ್ಗೆ ಕೊಟ್ಟ ಮಾತನ್ನು ನಡೆಸದೆ ಸತ್ತವನು ‘ಮಹಾನ್’, ಯಾರೂ ಕೇಳದಿದ್ದರೂ ಅದನ್ನೇ ವಾರವಾರ ನಡೆಸುವವಳು ಬರೀ ‘ಟೀಚರ್’: ಈ ತೀರ್ಪು ಬರೆದವರು ಯಾರು ಸ್ವಾಮಿ?